ಬಿಂದುಶ್ರೀಗೆ ಬೇಕಾದ ತಪ್ಪುಗಳು

ಬಿಂದುಶ್ರೀ ಲ್ಯಾಪ್‌ಟಾಪ್ ಹಿಡಿದು ಪಟ್ಟನಾಯಕನಹಳ್ಳಿಗೆ ಬಂದ ದಿನ, ನಿವೃತ್ತ ಹೆಡ್‌ಮಾಸ್ಟರ್ ಕುಮಾರಸ್ವಾಮಿಯವರು ಆಕೆಯನ್ನು ಇಲಾಖೆಯ ಪರೀಕ್ಷಕಿ ಎಂದೇ ತಿಳಿದರು. ಸರ್ವೀಸಿನುದ್ದಕ್ಕೂ ತಪಾಸಣೆಗೆ ಮಕ್ಕಳನ್ನು ಸಜ್ಜುಮಾಡಿದ ಜೀವ. ಊರಿನ ಮಾನ ತಮ್ಮ ಹೆಗಲಿಗೇ ಬಿತ್ತೆಂದು ಶಲ್ಯ ಸರಿಮಾಡಿಕೊಂಡರು.

ಆಕೆ ಮಧುಗಿರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಚಿಕ್ಕಂದಿನಲ್ಲಿ ಶಿರಾದ ಅಂಗಡಿಯೊಂದರ ಟ್ಯೂಬ್‌ಲೈಟಿನಡಿ ನೇರಳೆಯಾಗಿದ್ದ ಸೀರೆ, ಬೀದಿಯ ಬಿಸಿಲಿಗೆ ತಂದೊಡನೆ ಬೇರೆಯೇ ಬಣ್ಣವಾಗಿತ್ತು. ಅಮ್ಮ ಅಂಗಡಿಯವನನ್ನು ಬೈದರು. ಮಗಳು ಮಾತ್ರ ಬಣ್ಣ ಇರುವುದು ಬಟ್ಟೆಯಲ್ಲೋ ತಲೆಯಲ್ಲೋ ಎಂದು ಯೋಚಿಸುತ್ತಲೇ ದೊಡ್ಡವಳಾದಳು. ಈಗ ರಜೆಗಳಲ್ಲಿ, ಮೆದುಳಿನ ನರಜಾಲದ ಮಾದರಿಯಲ್ಲಿ ಕಟ್ಟಿದ ಕಂಪ್ಯೂಟರ್ ಪ್ರೋಗ್ರಾಮಿಗೆ ಮನುಷ್ಯರಂತೆ ಬಣ್ಣ ನೋಡಲು ಕಲಿಸುತ್ತಿದ್ದಳು. ಅದಕ್ಕೆ ಜನ ಕಂಡದ್ದನ್ನು ಕಂಡಂತೆ ಹೇಳಬೇಕು. ಇಲ್ಲವಾದರೆ ಅವಳ ವರ್ಷಗಳ ಕೆಲಸ ನೀರುಪಾಲು.

ಊರ ಶಾಲೆಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟು, ಒಬ್ಬೊಬ್ಬರನ್ನೇ ಒಳಗೆ ಕೂರಿಸಿ, ಎರಡು ಚೌಕಗಳ ಬಣ್ಣ ಒಂದೆಯೋ ಬೇರೆಯೋ ಎಂದು ಕೇಳಿದಳು. ಪರದೆಯ ಮೇಲೆ ಕೆಂಪಿನ ನಡುವೆ ಒಂದು ಬೂದು ಚೌಕ, ಹಸಿರಿನ ನಡುವೆ ಇನ್ನೊಂದು. ಎರಡೂ ಒಂದೇ ಬೂದು. ಕಣ್ಣಿಗೆ ಮಾತ್ರ ಮೊದಲನೆಯದು ತುಸು ಹಸಿರಿಗೆ, ಎರಡನೆಯದು ತುಸು ಕೆಂಪಿಗೆ ತಿರುಗಿದಂತೆ ಕಾಣುತ್ತದೆ. ಮೊದಲು ಕೂತ ಕುಮಾರಸ್ವಾಮಿಯವರಿಗೆ ಈ ಗುಟ್ಟು ಎಲ್ಲೋ ಓದಿ ಗೊತ್ತಿತ್ತು; ಪರದೆಯನ್ನು ಸರಿಯಾಗಿ ನೋಡದೆಯೇ ಒಂದೇ ಎಂದರು. ಎದ್ದು ಬಂದವರೇ ಬಾಗಿಲಲ್ಲಿ ನಿಂತು, ಒಳಹೋಗುವವರ ಕಿವಿಯಲ್ಲೆಲ್ಲ ಸರಿಯುತ್ತರ ಊದಿದರು. ಸಂಜೆಯೊಳಗೆ ಊರಿಗೆ ಊರೇ ಎರಡೂ ಒಂದೇ ಎಂದುಬಿಟ್ಟಿತು.

ಒಬ್ಬರೂ ತಪ್ಪು ಹೇಳದಿದ್ದುದನ್ನು ಕಂಡು ಬಿಂದುಶ್ರೀ ಕಂಗಾಲಾದಳು. ಕೊನೆಗೆ ಕೂತ ಚಿಕ್ಕಕ್ಕ ಎಂಬ ಮುದುಕಿ ಸುಳ್ಳು ಹೇಳಲಾರದೆ ಒದ್ದಾಡಿದಳು.

"ನಂಗೆ ಬ್ಯಾರೆ ಬ್ಯಾರೆನೇ ಕಾಣ್ತವೆ ಕಣಮ್ಮ. ಮೇಷ್ಟ್ರು ಒಂದೇ ಅನ್ನು ಅಂತ ಹೇಳ್ಬುಟ್ಟವ್ರೆ."

ಬಿಂದುಶ್ರೀ ಬೈಯಲಿಲ್ಲ. ದಿನದ ಉತ್ತರಗಳನ್ನೆಲ್ಲ ಮೇಷ್ಟ್ರ ಎದುರೇ ಅಳಿಸಿಹಾಕಿದಳು. "ಜನ ಎಲ್ಲಿ ತಪ್ತಾರೋ ಅಲ್ಲೇ ನನ್ನ ಮಿಷನ್ನೂ ತಪ್ಪಬೇಕು ಮೇಷ್ಟ್ರೇ. ಆಗ್ಲೇ ಅದು ನಮ್ಮಂಗೆ ನೋಡ್ತು ಅನ್ನೋದು."

ಮುಂದಿನ ರಜೆಗಳಲ್ಲಿ ಬೇರೆ ಬಣ್ಣದ ಚೌಕಗಳೊಂದಿಗೆ ಮನೆಮನೆಗೆ ಹೋದಳು. ಜಗಲಿಯಲ್ಲಿ, ಕೊಟ್ಟಿಗೆಯಲ್ಲಿ, ಕಣದಲ್ಲಿ ಕೂತು, ಕೊಟ್ಟ ಕಾಫಿಯನ್ನೆಲ್ಲ ಕುಡಿದು, ಹೆದರಿದವರನ್ನು ನಗಿಸಿ ಕೇಳಿದಳು. ಅವಳ ಚೀಲ ಹೊತ್ತು ಹಿಂದೆ ನಡೆದ ಕುಮಾರಸ್ವಾಮಿಯವರು ಬೆರಗಾದರು. ತಪ್ಪುತ್ತರಕ್ಕೆ ಜೀವಮಾನವೆಲ್ಲ ಬೆತ್ತ ಬೀಸಿದವರು ಅವರು. ಈ ಹುಡುಗಿ ತಪ್ಪುಗಳನ್ನು ಮಲ್ಲಿಗೆ ಮೊಗ್ಗಿನಂತೆ ನಾಜೂಕಾಗಿ ಆಯ್ದುಕೊಳ್ಳುತ್ತಿದ್ದಳು.

ಕೊನೆಗೊಂದು ದಿನ ಯಂತ್ರವೂ ಊರಿನವರಂತೆಯೇ ತಪ್ಪಿತು. ಬಿಂದುಶ್ರೀಯ ಮುಖ ಅರಳಿತು. ಇದೇ ಸಮಯವೆಂದು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಅಲ್ಲಮ್ಮ, ಮೊದಲ್ನೇ ದಿನ ನಾನೊಬ್ನೇ ಸ್ವಂತವಾಗಿ ಸರಿಯುತ್ತರ ಕೊಟ್ಟಿದ್ದು. ನಂಗೆಷ್ಟು ಮಾರ್ಕ್ಸು?"

"ನಿಮ್ದು ಲೆಕ್ಕಕ್ಕೇ ಇಲ್ಲ ಮೇಷ್ಟ್ರೇ. ನೀವು ನೋಡ್ಲೇ ಇಲ್ವಲ್ಲ."