ಟಿಪ್ಪಣಿ ಸರಿಯಿಲ್ಲವೆಂದು ನಿಂತುಹೋದ ಬಿಲ್ಡು

ವಾಕ್ಯದ ಕೊನೆಗೆ ಪೂರ್ಣವಿರಾಮ ಹಾಕಿಲ್ಲವೆಂದು ಐವತ್ತೆರಡನೆಯ ವಯಸ್ಸಿನಲ್ಲಿ ಬೈಸಿಕೊಳ್ಳುವ ಯೋಗ ಎಷ್ಟು ಜನಕ್ಕಿದೆಯೋ ನಾನರಿಯೆ. ನನಗಂತೂ ಕಳೆದ ಸೋಮವಾರ ಅದು ಪ್ರಾಪ್ತವಾಯಿತು. ಬೈದವರು ಶಾಲೆಯ ಮೇಷ್ಟರಾಗಿದ್ದರೆ ತಲೆ ತಗ್ಗಿಸಿ ನಿಲ್ಲಬಹುದಿತ್ತು, ಗಂಡನಾಗಿದ್ದರೆ ತಿರುಗಿ ಎರಡು ಮಾತು ಅನ್ನಬಹುದಿತ್ತು. ಮೇಷ್ಟರು ತೀರಿಕೊಂಡು ಬಹಳ ಕಾಲವಾಯಿತು; ಗಂಡನನ್ನು ಸಂಪಾದಿಸುವ ಗೋಜಿಗೇ ನಾನು ಹೋಗಲಿಲ್ಲ. ಬೈದದ್ದು ಕಂಪ್ಯೂಟರು. ಕೆಂಪು ಅಕ್ಷರದಲ್ಲಿ, ಸಾಲಿನ ಸಂಖ್ಯೆ ಸಮೇತ, ಮುನ್ನೂರಕ್ಕೂ ಮಿಕ್ಕ ತಪ್ಪುಗಳನ್ನು ಪಟ್ಟಿ ಮಾಡಿ, ಕೊನೆಗೆ ಬಿಲ್ಡ್ ವಿಫಲವೆಂದು ಷರಾ ಬರೆದು ಸುಮ್ಮನಾಯಿತು.

ಈ ಬಿಲ್ಡ್ ಎಂಬ ಪದಾರ್ಥದ ಪರಿಚಯವಿಲ್ಲದ ಪುಣ್ಯವಂತರಿಗಾಗಿ ಎರಡು ಮಾತು. ನಾವು ಸಾಫ್ಟ್‌ವೇರಿನವರು ಬೇರೆ ಬೇರೆ ಫೈಲುಗಳಲ್ಲಿ ಬರೆದಿಟ್ಟ ಸಾವಿರಾರು ಸಾಲುಗಳನ್ನು ಕಲೆಸಿ, ತಿರುವಿ, ಯಂತ್ರ ನುಂಗಬಲ್ಲ ಒಂದೇ ಮುದ್ದೆಯಾಗಿ ಕಟ್ಟುವ ಕ್ರಿಯೆಗೆ ಆ ಹೆಸರು. ಆ ಸಾಲುಗಳ ನಡುನಡುವೆ ಯಂತ್ರಕ್ಕೆ ಸಂಬಂಧವೇ ಇಲ್ಲದ, ಮುಂದೆ ಅದನ್ನು ಓದಲಿರುವ ಮನುಷ್ಯರಿಗೆಂದೇ ಬರೆದ ಟಿಪ್ಪಣಿಗಳೂ ಇರುತ್ತವೆ: ಇದು ಏನು ಮಾಡುತ್ತದೆ, ಇದಕ್ಕೆ ಏನನ್ನು ಕೊಡಬೇಕು, ಇದರಿಂದ ಏನು ಬರುತ್ತದೆ, ಇತ್ಯಾದಿ. ಇಷ್ಟು ವರ್ಷ ಯಂತ್ರ ಅವುಗಳ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಮೊನ್ನೆ ಹೊಸ ಆವೃತ್ತಿಯ ಸಲಕರಣೆ ಹಾಕಿದ್ದೇ ತಡ, ಅದಕ್ಕೆ ಹಠಾತ್ತನೆ ಸಾಹಿತ್ಯವಿಮರ್ಶೆಯ ಹುಚ್ಚು ಹಿಡಿಯಿತು. ಇಲ್ಲಿ ವಿವರಣೆಯಿಲ್ಲ, ಅಲ್ಲಿ ವಿರಾಮವಿಲ್ಲ, ಈ ಚಿಹ್ನೆ ಅಸಾಧು, ಆ ಹೆಸರಿನವರು ಈ ಫೈಲಿನಲ್ಲಿ ಯಾರೂ ಇಲ್ಲ. ಒಳಗಿನ ಕೆಲಸವೆಲ್ಲ ಸರಿಯಾಗಿಯೇ ಇದ್ದರೂ ಟಿಪ್ಪಣಿ ಶುದ್ಧವಾಗುವ ತನಕ ಮುದ್ದೆ ಕಟ್ಟುವುದಿಲ್ಲವೆಂದು ಅದರ ಹಠ.

ಇನ್ನೊಬ್ಬರಾಗಿದ್ದರೆ ಈ ಯಂತ್ರಕ್ಕೆ ಶಾಪ ಹಾಕುತ್ತಿದ್ದರು. ನನಗೆ ಆ ಅಧಿಕಾರವಿಲ್ಲ, ಏಕೆಂದರೆ ನಮ್ಮ ಕಂಪನಿಯಲ್ಲಿ ಟಿಪ್ಪಣಿ ಬರೆಯುವ ನಿಯಮಾವಳಿಯನ್ನು ಹಿಂದೆ ರಚಿಸಿದವಳೇ ನಾನು. ಹದಿನಾಲ್ಕು ಪುಟಗಳ ಆ ಕೃತಿಗೆ ಓದುಗರು ಇದ್ದರೋ ಇಲ್ಲವೋ, ಕರ್ತೃವಿಗೆ ಮಾತ್ರ ಅಪಾರ ಅಭಿಮಾನವಿತ್ತು. ಸಹೋದ್ಯೋಗಿಗಳ ಫೈಲುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ಮೇಜಿನ ಮೇಲಿಟ್ಟು ಬರುವುದರಲ್ಲಿ ನನಗೆ ಸಿಗುತ್ತಿದ್ದ ಸುಖ ಮೈಸೂರುಪಾಕಿನಲ್ಲೂ ಸಿಗುತ್ತಿರಲಿಲ್ಲ. ಯಂತ್ರಕ್ಕೆ ಈಗ ನನ್ನ ಸ್ವಭಾವ ಬಂದಿದೆ, ಅಷ್ಟೇ. ನನ್ನಂಥವರ ಜೊತೆ ಕೆಲಸ ಮಾಡುವುದು ಎಂಥ ಶಿಕ್ಷೆಯೆಂದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು.

ತಿದ್ದಿಟ್ಟು ಬರಲು ಆಗ ಮೇಜುಗಳಾದರೂ ಇದ್ದವು, ಮೇಜಿನ ಹಿಂದೆ ಜನರೂ ಇದ್ದರು. ಪೀಣ್ಯದ ಈ ಎರಡನೆಯ ಮಹಡಿಯಲ್ಲಿ ಹನ್ನೊಂದು ಮಂದಿ ಕೂರುತ್ತಿದ್ದೆವು. ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಬಟ್ಟೆ ತೊಳೆದು ಬಣ್ಣ ಹಾಕುವ ದೊಡ್ಡ ಡ್ರಮ್ ಯಂತ್ರಗಳಿಗೆ ನಾವು ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಈಗಲೂ ಬರೆಯುತ್ತೇವೆ, ಬಹುವಚನ ಮಾತ್ರ ಗೌರವಾರ್ಥ. ಉಳಿದವರು ಬೆಳ್ಳಂದೂರಿನ ಹೊಸ ಆಫೀಸಿಗೆ, ಹೊಸ ಕೆಲಸಗಳಿಗೆ ಹೋದರು. ಹಳೆಯ ಯಂತ್ರಗಳು ಇನ್ನೂ ಓಡುತ್ತಿರುವುದರಿಂದ ಅವುಗಳ ಜೊತೆ ಹಳೆಯವಳಾದ ನನ್ನನ್ನೂ ಇಲ್ಲೇ ಬಿಟ್ಟರು. ಜಾಲಹಳ್ಳಿಯ ಮನೆಯಿಂದ ಬೆಳಗ್ಗೆ ಬಂದು ದೀಪ ಹಾಕುವವಳೂ ನಾನೇ, ಸಂಜೆ ಆರಿಸುವವಳೂ ನಾನೇ. ಕೆಳಗಿನ ವರ್ಕ್‌ಶಾಪಿನ ಲೇಥ್ ಸದ್ದು ನಿಂತರೆ ನನ್ನ ಕೀಲಿಮಣೆಯ ಸದ್ದು ನನಗೇ ಜೋರಾಗಿ ಕೇಳಿಸುತ್ತದೆ. ಒಂಟಿಯಾಗಿರುವುದು ನನಗೆ ರೂಢಿ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮಧ್ಯಾಹ್ನ ಊಟದ ಡಬ್ಬಿ ತೆರೆದು, ಇವತ್ತು ಏನು ಪಲ್ಯವೆಂದು ಕೇಳುವವರು ಯಾರೂ ಇಲ್ಲದೆ ತಿಂದು ಮುಚ್ಚುವಾಗ ಆ ಮಾತು ಅಷ್ಟಾಗಿ ನಿಲ್ಲುವುದಿಲ್ಲ.

ನನ್ನ ಮ್ಯಾನೇಜರ್ ವಿನುತಾ ಬೆಳ್ಳಂದೂರಿನಲ್ಲಿದ್ದಾಳೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಪರದೆಯ ಮೇಲೆ ದಿನಕ್ಕೆ ಹತ್ತು ನಿಮಿಷ ದರ್ಶನ ಕೊಡುತ್ತಾಳೆ. ಟಿಪ್ಪಣಿಗಳ ವರದಿಯನ್ನೂ ಗಿರಾಕಿ ಕೇಳಿರುವುದರಿಂದ ಈ ತಪಾಸಣೆಯನ್ನು ನಿಲ್ಲಿಸಿಡುವಂತೆಯೂ ಇಲ್ಲ. ಪರಿಸ್ಥಿತಿ ವಿವರಿಸಿದಾಗ ಅವಳು ಸಲೀಸಾಗಿ ಹೇಳಿದಳು:

"ಮೇಡಂ, ಅದನ್ನೆಲ್ಲ ಯಾರ್ ಓದ್ತಾರೆ? ಒಂದು ಸ್ಕ್ರಿಪ್ಟ್ ಓಡ್ಸಿ ಹಳೇ ಕಾಮೆಂಟ್ಸ್ ಎಲ್ಲ ಅಳಿಸ್ಬಿಡಿ. ಫಂಕ್ಷನ್ ಹೆಸ್ರನ್ನೇ ಒಂದು ವಾಕ್ಯ ಮಾಡಿ ತುಂಬ್ಸಿದ್ರೆ ಪಾಸಾಗತ್ತೆ. ಹಾಗೇ ಆ ಡ್ರಮ್ ಮುಚ್ಚಳ ತೆಗೆಯೋಕೆ ಮೂರು ಸೆಕೆಂಡ್ ಕಾಯೋದಿದ್ಯಲ್ಲ, ಅದನ್ನ ಒಂದಕ್ಕೆ ಇಳ್ಸಿ. ಕಸ್ಟಮರ್‌ಗೆ ಸ್ಪೀಡ್ ಜಾಸ್ತಿ ಬೇಕಂತೆ. ಡಾಕ್ಯುಮೆಂಟಲ್ಲೂ ಒಂದೇ ಇರೋದು. ಗುರುವಾರ ಕಳಿಸ್ಬೇಕು."

ಅಳಿಸುವ ಮುನ್ನ ಒಮ್ಮೆ ಓದೋಣವೆಂದು ಕೂತದ್ದು ಕರ್ತವ್ಯನಿಷ್ಠೆಯಿಂದಲ್ಲ. ಓದಲು ಬೇರೇನೂ ಇರಲಿಲ್ಲ, ಮಾತಾಡಲು ಯಾರೂ ಇರಲಿಲ್ಲ. ಮುನ್ನೂರು ತಪ್ಪುಗಳಲ್ಲಿ ನನ್ನವು ಆರೋ ಏಳೋ. ಮಿಕ್ಕವು ಬಹುಪಾಲು ಒಂದೇ ಫೈಲಿನವು, ಒಬ್ಬರೇ ಬರೆದವು. ಬರೆದವರು ಮಲ್ಲಿಕಾರ್ಜುನ. ಗದಗ ಕಡೆಯವರು, ಕಾರ್ಖಾನೆಗಳಿಗೆ ಹೋಗಿ ಯಂತ್ರ ರಿಪೇರಿ ಮಾಡುತ್ತಲೇ ಪ್ರೋಗ್ರಾಂ ಬರೆಯುವುದನ್ನು ಕಲಿತು ನಮ್ಮ ನಡುವೆ ಬಂದು ಕೂತವರು. ಅವರ ಟಿಪ್ಪಣಿಗಳು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಅಪ್ಪಟ ಗದಗಿನ ಕನ್ನಡ. ಗಮನಿಸಿ ಎನ್ನಬೇಕಾದಲ್ಲೆಲ್ಲ ಎಡಕ್ಕೆ ತಿರುಗಿದ ಒಂದು ಬಾಣದ ಗುರುತು. ಆ ಬಾಣವನ್ನು ಹೊಸ ಸಲಕರಣೆ ಏನೋ ವೆಬ್ ಪುಟದ ಸಂಕೇತವೆಂದು ಭಾವಿಸಿ, ಆರಂಭವಿದೆ ಮುಕ್ತಾಯವಿಲ್ಲ ಎಂದು ಪ್ರತಿ ಸಾಲಿಗೂ ಬೊಬ್ಬೆ ಹೊಡೆಯುತ್ತಿತ್ತು.

ಒಂದು ಕಡೆ ಹೀಗಿತ್ತು: "ಈ ಸಾಲು ಮುಟ್ಟಬ್ಯಾಡ್ರಿ. ಮುಟ್ಟಿದ್ರ ಬಾಯ್ಲರ್ ಸಿಟ್ಟಿಗೇಳ್ತೈತಿ." ಇನ್ನೊಂದು ಕಡೆ: "ಹೊರಗ ಮಳಿ ಬಂದಾಗ ಈ ಸೆನ್ಸರ್ ಸುಳ್ಳು ಹೇಳ್ತೈತಿ. ಎರಡ ಸಲ ಕೇಳಿ ನಂಬ್ರಿ." ನಾನು ಗಟ್ಟಿಯಾಗಿ ನಕ್ಕೆ. ಖಾಲಿ ಆಫೀಸಿನಲ್ಲಿ ನಕ್ಕರೆ ನಗುವಿನ ಕೊನೆಯ ಭಾಗ ಸ್ವಲ್ಪ ಭಯ ಹುಟ್ಟಿಸುತ್ತದೆ, ಆದರೂ ನಕ್ಕೆ. ಆಮೇಲೆ ಕುತೂಹಲಕ್ಕೆ ನನ್ನ ಫೈಲು ತೆರೆದೆ. ಉಷ್ಣತೆಯನ್ನು ಹೊಂದಿಸುವ ಸಾಲುಗಳ ಗುಂಪಿನ, ಅಂದರೆ ಫಂಕ್ಷನ್ನಿನ, ತಲೆಯ ಮೇಲೆ ನಿರ್ದುಷ್ಟ ಇಂಗ್ಲಿಷಿನಲ್ಲಿ, ಉಷ್ಣತೆಯನ್ನು ಹೊಂದಿಸುತ್ತದೆ ಎಂದು ಬರೆದಿದ್ದೆ. ಬಾಗಿಲು ತೆರೆಯುವುದರ ಮೇಲೆ, ಬಾಗಿಲು ತೆರೆಯುತ್ತದೆ. ಯಂತ್ರಕ್ಕೆ ಇದರಲ್ಲಿ ಒಂದು ಕೊರತೆಯೂ ಕಂಡಿರಲಿಲ್ಲ. ಹೀಗೆ ನೂರಾರು ಪುಟ, ಯಾರಿಗೂ ಏನನ್ನೂ ತಿಳಿಸದ ಹಾಗೆ, ನಾನು ಬಹಳ ಶುದ್ಧವಾಗಿ ಬರೆದಿಟ್ಟಿದ್ದೆ.

ಮೂರು ಸೆಕೆಂಡಿನ ಜಾಗಕ್ಕೆ ಬಂದಾಗ ನಗು ನಿಂತಿತು. ಅಲ್ಲಿದ್ದದ್ದು: "ಇಲ್ಲಿ ಮೂರು ಸೆಕೆಂಡ್ ನಿಂದರಬೇಕು. ಕಡಿಮಿ ಮಾಡಬ್ಯಾಡ್ರಿ. ಯಾಕ ಅಂದ್ರ ವಾಷಿಂಗ್ ಸೆಕ್ಷನ್ ಹನುಮವ್ವನ್ನ ಕೇಳ್ರಿ."

ಈ ಸಾಲು ನನಗೆ ಹಳೆಯ ಪರಿಚಯ. ಐದು ವರ್ಷದ ಹಿಂದೆ ಮಲ್ಲಿಕಾರ್ಜುನ ಅವರ ವಾರ್ಷಿಕ ಮೌಲ್ಯಮಾಪನ, ಅಂದರೆ ರಿವ್ಯೂ, ನನ್ನ ಪಾಲಿಗೆ ಬಂದಾಗ, ಇದೇ ಸಾಲನ್ನು ಉದಾಹರಣೆಯಾಗಿ ಎತ್ತಿ, ಟಿಪ್ಪಣಿಗಳು ವೃತ್ತಿಗೆ ತಕ್ಕಂತಿಲ್ಲ, ದಾಖಲೆಯಲ್ಲಿರುವ ಒಂದು ಸೆಕೆಂಡಿಗೆ ಬದ್ಧರಾಗಿಲ್ಲ ಎಂದು ನಾನು ಬರೆದಿದ್ದೆ. ಹನುಮವ್ವ ಯಾರೆಂದು ಕೇಳಿರಲಿಲ್ಲ. ಬಡ್ತಿ ನಿಂತುಹೋಯಿತು. ಅಲ್ಲಿಯವರೆಗೆ ದಿನವೂ ನನ್ನೆದುರು ಕೂತು, ಡಬ್ಬಿಯ ಮುಚ್ಚಳದಲ್ಲಿ ನನಗೊಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಎತ್ತಿಟ್ಟು ಉಣ್ಣುತ್ತಿದ್ದ ಮನುಷ್ಯ ಮರುದಿನದಿಂದ ತಮ್ಮ ಜಾಗದಲ್ಲೇ ಕೂತು ಉಂಡರು. ಜಗಳವಿಲ್ಲ, ಮಾತು ಬಿಡಲಿಲ್ಲ, ನಮಸ್ಕಾರ ತಪ್ಪಿಸಲಿಲ್ಲ. ಮೂರು ತಿಂಗಳಿಗೆ ಕೆಲಸ ಬಿಟ್ಟರು. ಬೀಳ್ಕೊಡುಗೆಯ ಕೇಕ್ ಕತ್ತರಿಸುವ ಹೊತ್ತಿಗೆ ನಾನು, ಮೀಟಿಂಗ್ ಇದೆಯೆಂದು ಸುಳ್ಳು ಹೇಳಿ, ನಾಗಸಂದ್ರ ಮೆಟ್ರೋ ನಿಲ್ದಾಣದ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆ. ಆ ಮುಕ್ಕಾಲು ಗಂಟೆಯ ವಿಷಯ ಇದುವರೆಗೆ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ತಪಾಸಣೆಯನ್ನು ದಾಟಿಸುವುದು ನನ್ನಂಥ ನಿಷ್ಣಾತಳಿಗೆ ಎಷ್ಟರ ಮಾತು? "ಕಾಯುವ ಅವಧಿ" ಎಂದು ಎರಡು ಪದ ಬರೆದು ಚುಕ್ಕಿಯಿಟ್ಟರೆ ಆಯಿತು. ಬರೆದೂಬಿಟ್ಟೆ. ಆ ಜಾಗದ ಕೆಂಪು ಮಾಯವಾಯಿತು. ಮೂರನ್ನು ಅಳಿಸಿ ಒಂದು ಮಾಡುವುದಕ್ಕೆ ಬೆರಳು ಮಾತ್ರ ಬರಲಿಲ್ಲ. ಹನುಮವ್ವನನ್ನು ಕೇಳದೆ ಮುಟ್ಟಬಾರದೆಂದು ಒಬ್ಬರು ಬರೆದಿಟ್ಟಿರುವಾಗ, ಎರಡನೆಯ ಸಲವೂ ಕೇಳದೆ ದಾಟಿದರೆ ನನಗೆ ನಾನೇ ಮುಖ ತೋರಿಸುವುದು ಹೇಗೆ? ಆದರೆ ಯಾವ ಕಾರ್ಖಾನೆಯವಳೆಂದೂ ತಿಳಿಯದ ಹನುಮವ್ವನನ್ನು ತಲುಪಲು ಇದ್ದ ದಾರಿ ಒಂದೇ, ಅದು ಮಲ್ಲಿಕಾರ್ಜುನ ಅವರ ಫೋನ್ ನಂಬರು.

ಆ ನಂಬರನ್ನು ಒತ್ತುವ ಮೊದಲು ನಾನು ಮೇಜು ಒರೆಸಿದೆ, ಗಿಡವಿಲ್ಲದ ಕುಂಡಕ್ಕೆ ನೀರು ಹಾಕಿದೆ, ಏನು ಹೇಳಬೇಕೆಂದು ಕಾಗದದಲ್ಲಿ ಬರೆದುಕೊಂಡೆ, ಬರೆದದ್ದರ ವ್ಯಾಕರಣ ತಿದ್ದಿದೆ. ನಂಬರು ಬದಲಾಗಿರಲಿ ಎಂದು ಅರ್ಧ ಮನಸ್ಸು ಹಾರೈಸುತ್ತಿತ್ತು. ಎರಡನೆಯ ರಿಂಗಿಗೇ ಎತ್ತಿದರು.

"ಹೇಳ್ರಿ ಮೇಡಂ. ಆರಾಮ್ ಅದೀರಿ?"

ನನ್ನ ಹೆಸರು ಇನ್ನೂ ಅವರ ಫೋನಿನಲ್ಲಿತ್ತು. ನಾನು ಕುಶಲ ಕೇಳುವುದನ್ನೂ ಮರೆತು, ಬಿಲ್ಡ್ ಬಿದ್ದಿದೆ ಎಂದವಳೇ ನೇರವಾಗಿ ಮೂರು ಸೆಕೆಂಡಿನ ವಿಷಯ ಕೇಳಿದೆ. ಆ ಕಡೆ ಏನೋ ಗ್ರೈಂಡರ್ ಸದ್ದು ನಿಂತಿತು. ಅವರು ಪೀಣ್ಯದಲ್ಲೇ ಯಂತ್ರ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದಾರಂತೆ, ನಮ್ಮ ಆಫೀಸಿನಿಂದ ನಾಲ್ಕು ರಸ್ತೆ ಆಚೆ.

"ಅದಾ? ಕರೆಂಟ್ ಬಂದ್ ಆದ ಮ್ಯಾಲೂ ಹಳೇ ಡ್ರಮ್ ಎರಡೂವರಿ ಸೆಕೆಂಡ್ ತಿರಗ್ತೈತ್ರಿ. ಒಂದ್ ಸೆಕೆಂಡ್ ಅನ್ನೋದು ಹೊಸ ಡ್ರಮ್ಮಿನ ಲೆಕ್ಕ. ಆಗ ಒಂದ ಸೆಕೆಂಡಿಗೇ ಮುಚ್ಚಳದ ಹಸಿರು ಲೈಟ್ ಬರ್ತಿತ್ತು. ಅದು ಬಂತಂದ್ರ ಹನುಮವ್ವ ಒಳಗ ನೋಡಲಾರದ ಮುಚ್ಚಳ ತಗದು ಕೈ ಹಾಕಾಕಿ. ದಿನಕ್ಕ ನೂರು ಸಲ ಮಾಡೂ ಕೆಲಸ, ಎಷ್ಟು ಸಲ ನೋಡ್ತಾಳ್ರಿ? ಎರಡು ಬೆರಳು ಹೋದುವು. ನಾ ಆವತ್ತು ಅಲ್ಲೇ ಇದ್ದೆ. ಅವತ್ತ ಸಂಜಿಕಡೆ ಬಂದು ಮೂರು ಮಾಡಿದ್ನಿ."

ಒಂದು ಸೆಕೆಂಡೆಂದು ದಾಖಲೆಯಲ್ಲಿ ಬರೆದವಳು ನಾನು, ಡ್ರಮ್ಮಿನ ಜೊತೆ ಬಂದ ಕೈಪಿಡಿ ನೋಡಿಕೊಂಡು. ಕಾಗದದಲ್ಲಿ ಬರೆದುಕೊಂಡಿದ್ದ ಮಾತುಗಳಲ್ಲಿ ಇದಕ್ಕೆ ಹೊಂದುವುದು ಒಂದೂ ಇರಲಿಲ್ಲ. ಬಾಯಿಗೆ ಬಂದದ್ದನ್ನು ಕೇಳಿದೆ:

"ಅವತ್ತು ರಿವ್ಯೂನಲ್ಲಿ ಇದನ್ನ ಯಾಕ್ ಹೇಳ್ಲಿಲ್ಲ ಮಲ್ಲಿಕಾರ್ಜುನ್?"

"ಬರ್ದಿದ್ನೆಲ್ರಿ ಮೇಡಂ," ಎಂದರು ಅವರು. ದನಿಯಲ್ಲಿ ಕುಹಕವಿರಲಿಲ್ಲ. "ಅಕೀನ್ನ ಕೇಳ್ರಿ ಅಂತ ಬರ್ದಿದ್ದೆ. ಒಬ್ರು ಹೋಗಿ ಅಕೀ ಕೈ ನೋಡಿದ್ರ ಸಾಕಿತ್ತು."

ಥ್ಯಾಂಕ್ಸ್ ಎಂದೆ. ಕೆಲಸವಿದೆ ಎಂದೆ. ಫೋನಿಟ್ಟೆ. ಮತ್ತೊಮ್ಮೆ ಮೆಟ್ರೋ ನಿಲ್ದಾಣದ ಬೆಂಚಿಗೆ ಓಡಿಹೋದಂತೆಯೇ ಆಯಿತು ಅದು, ಕೂತ ಜಾಗದಿಂದ ಏಳದಿದ್ದರೂ.

ಆ ಮಧ್ಯಾಹ್ನ ಮತ್ತು ಮರುದಿನವೆಲ್ಲ ನಾನು ಎಲ್ಲವನ್ನೂ ಒಮ್ಮೆಗೇ ಅಳಿಸುವ ಸ್ಕ್ರಿಪ್ಟ್ ಓಡಿಸಲಿಲ್ಲ. ಮಲ್ಲಿಕಾರ್ಜುನ ಅವರ ಒಂದೊಂದು ಟಿಪ್ಪಣಿಯನ್ನೂ ಯಂತ್ರ ಒಪ್ಪುವ ಹಾಗೆ ಕೈಯಾರೆ ಹೊಂದಿಸಿದೆ: ಬಾಣಗಳನ್ನು ತೆಗೆದು, ಕೊಡುವುದೇನು ಬರುವುದೇನು ಎಂದು ಸೇರಿಸಿ, ಅವರ ಮಾತನ್ನು ಹಾಗೇ ಉಳಿಸಿ, ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಕೊಟ್ಟು. ಮುಚ್ಚಳದ ಜಾಗದಲ್ಲಿ ನಾನು ತುಂಬಿದ್ದ ಎರಡು ಪದ ಅಳಿಸಿ ಎರಡೂವರೆ ಸೆಕೆಂಡಿನ ಕಥೆ ಪೂರ್ತಿ ಬರೆದೆ, ಹನುಮವ್ವನ ಬೆರಳುಗಳ ಸಮೇತ. ಮೂರು ಸೆಕೆಂಡನ್ನು ಇಳಿಸಲಾಗದೆಂದು ವಿನುತಾಳಿಗೆ ತಿಳಿಸಿದೆ. ಅವಳು ಟಿಪ್ಪಣಿ ಓದಿ, "ಬೇಡ ಮೇಡಂ, ಮೂರೇ ಇರ್ಲಿ, ಕಸ್ಟಮರ್ ಹತ್ರ ನಾನ್ ಮಾತಾಡ್ತೀನಿ, ಡಾಕ್ಯುಮೆಂಟ್ ನೀವು ತಿದ್ದಿ" ಎಂದಳು. ತಿದ್ದಿದೆ.

ಬುಧವಾರ ಮೂರು ಗಂಟೆಗೆ ಬಿಲ್ಡ್ ಪಾಸಾಯಿತು. ಮುನ್ನೂರು ತಪ್ಪಿನ ಜಾಗದಲ್ಲಿ ಸೊನ್ನೆ. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಹನ್ನೊಂದು ಮಂದಿ ಕೂಗಿ, ಯಾರಾದರೂ ಕೆಳಗೆ ಹೋಗಿ ಬೋಂಡ ತರುತ್ತಿದ್ದರು. ನಾನು ಹತ್ತು ಖಾಲಿ ಕುರ್ಚಿಗಳ ಕಡೆ ತಿರುಗಿ ನೋಡಿ ಮತ್ತೆ ಪರದೆಗೆ ತಿರುಗಿದೆ. ನಿಜ ಹೇಳಬೇಕೆಂದರೆ ಸಂತೋಷಕ್ಕಿಂತ ನಿರಾಸೆಯೇ ಹೆಚ್ಚಾಗಿತ್ತು. ಇನ್ನೊಂದು ತಪ್ಪು, ನನಗೆ ಅರ್ಥವಾಗದ ಇನ್ನೊಂದೇ ಒಂದು ಸಾಲು ಉಳಿದಿದ್ದರೆ, ಅದರ ನೆಪದಲ್ಲಿ ಫೋನ್ ಮಾಡಬಹುದಿತ್ತು. ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಹುಡುಕಿದೆ. ನೆಪಗಳೆಲ್ಲ ಮುಗಿದಿದ್ದವು. ನೆಪವಿಲ್ಲದೆಯೇ ಮಾಡಿದೆ.

"ಏನ್ರಿ ಮೇಡಂ, ಮತ್ತ ಬಿತ್ತೇನ್ರಿ ಬಿಲ್ಡು?"

"ಇಲ್ಲ, ಪಾಸಾಯ್ತು."

"ಮತ್ತ?"

"ಆ ರಿವ್ಯೂನಲ್ಲಿ ನಾನು ಬರೆದಿದ್ದು ತಪ್ಪು ಮಲ್ಲಿಕಾರ್ಜುನ್. ನೀವು ಬರೆದಿದ್ದನ್ನ ಓದ್ಲೇ ಇಲ್ಲ ನಾನು. ಕಾಗುಣಿತ ನೋಡ್ದೆ, ಬಿಟ್ಟೆ. ನಿಮಗೆ ಅನ್ಯಾಯ ಮಾಡ್ದೆ."

ಆ ಕಡೆ ಯಾರೋ ಸ್ಪ್ಯಾನರ್ ಕೇಳಿದರು, ಅವರು ತಡೀರಿ ಎಂದರು.

"ಗೊತ್ತಿತ್ರಿ ಮೇಡಂ," ಎಂದರು ಆಮೇಲೆ, ಮೆಲ್ಲಗೆ. "ಓದಿದ್ರ ನೀವು ಹಂಗ ಬರೀತಿರಲಿಲ್ಲ."

ಗಿರಾಕಿ ಕಾಯುತ್ತಿದ್ದಾರೆಂದು ಹೇಳಿ ಫೋನಿಟ್ಟರು. ಮತ್ತೆ ಮಾಡಿ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ನಾನು ಮುಖ ತೊಳೆದು ಬಂದು, ಅವರ ಫೈಲನ್ನು ಮೊದಲ ಸಾಲಿನಿಂದ ಓದಲು ಕೂತೆ.