ಟೇಪು ನಿಂತ ಜಾಗ

ಮೂಡಬಿದಿರೆಯ ಬಾಡಿಗೆ ವಿಡಿಯೋ ಕ್ಯಾಸೆಟ್ ಅಂಗಡಿಯ ಧರಣೇಂದ್ರಣ್ಣ ಸಿನೆಮಾ ಹೇಗಿತ್ತೆಂದು ಗಿರಾಕಿಯನ್ನು ಕೇಳುವವರಲ್ಲ. ವಾಪಸು ಬಂದ ಕ್ಯಾಸೆಟ್ಟನ್ನು ಅಂಗಡಿಯ ಟಿವಿಯಲ್ಲಿ ಹಾಕಿ, ಟೇಪು ಎಲ್ಲಿ ನಿಂತಿದೆಯೆಂದು ಎಲ್ಲರೆದುರೇ ತೋರಿಸುತ್ತಾರೆ: “ಇದು ನಿಮ್ಮ ವಿಮರ್ಶೆ ಮಾರ್ರೆ!” ಜೈಲಿನ ಒಂದೇ ಕೋಣೆಯ ಇಬ್ಬರು ಗಂಡಸರು ಪರಸ್ಪರ ಪ್ರೀತಿಸುವ ಸಿನೆಮಾ ಬಂದಾಗ ಊರಿಗೆ ಊರೇ “ಛೀ, ಶುರುವಿನಲ್ಲೇ ಬಂದ್ ಮಾಡಿದೆ” ಎಂದಿತು. ಟೇಪು ಮಾತ್ರ ಪ್ರತಿ ಸಲವೂ ಕೊನೆ ಮುಟ್ಟಿರುತ್ತಿತ್ತು. ಅಣ್ಣ ಹೊಟ್ಟೆ ಹಿಡಿದು ನಗುತ್ತಿದ್ದರು. ಮದುವೆ ನಿಶ್ಚಯವಾಗಿದ್ದ ಜಿನೇಶ್ ಅದನ್ನು ಮೂರನೆಯ ಸಲ ಒಯ್ದು, ಹಿಂದೆ ಕೊಡಲು ಬಂದವನು ಕೈಯಲ್ಲೇ ಹಿಡಿದು ನಿಂತ. “ಹಾಕಿ ಅಣ್ಣ, ಇವನದ್ದು ಎಲ್ಲಿ ನಿಂತಿದೆ ನೋಡುವ!” ಎಂದರು ಹಿಂದಿದ್ದವರು. “ಟಿವಿ ಹಾಳಾಗಿದೆ,” ಎನ್ನುತ್ತಾ ಧರಣೇಂದ್ರಣ್ಣ, ಹಾಡುತ್ತಿದ್ದ ಟಿವಿಯ ಪ್ಲಗ್ಗು ಕಿತ್ತರು.