ಅವ್ವನ ಕೈ ಹಿಂದಿನ ಡಬ್ಬ

ಕಂಬಂ ಪೇಟೆಯ ಸುತ್ತಮುತ್ತ ಮೂವತ್ತು ವರ್ಷದಿಂದ ವಯರಿಂಗ್ ಮಾಡುತ್ತಿದ್ದೇನೆ. ಕೆಲಸ ಕಲಿಯಲು ಬಂದವರಿಗೆಲ್ಲ ಮೊದಲ ದಿನ ನನ್ನದು ಒಂದೇ ಪಾಠ. ವಯರುಗಳನ್ನು ಜೋಡಿಸಿದ ಜಂಕ್ಷನ್ ಬಾಕ್ಸ್ ಲೈಟಿನ ಹಿಂದೆ ಬೇಕಾದರೂ ಇರಲಿ, ಲೈಟು ಬಿಚ್ಚಿದರೆ ಕೈಗೆ ಸಿಗಬೇಕು. ಗೋಡೆ ಒಡೆದು ಹುಡುಕುವಂತಿರಬಾರದು. ನಿಯಮವೇ ಹಾಗಿದೆ. ಅದನ್ನು ನಾನು ಮುರಿದದ್ದು ಒಂದೇ ಕಡೆ, ಕಾಮಯಗೌಂಡನ್‌ಪಟ್ಟಿಯಲ್ಲಿ, ನನ್ನ ಸ್ವಂತ ಅಕ್ಕನ ಮನೆಯಲ್ಲಿ.

ಆ ಮನೆ ಕಟ್ಟುವಾಗ ದೇವರ ಕೋಣೆಯ ಗೋಡೆಯಲ್ಲಿ ಬಾಕ್ಸ್ ಕೂರಿಸಿದ್ದೆ. ಅದರ ಮೇಲೊಂದು ಲೈಟು ಹಾಕುವ ಯೋಚನೆ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಸಾಮಿ ಸೆವುರ್ನಾಗೆ ಡಬ್ಬ ಗಿಬ್ಬ ಬ್ಯಾಡ ತಮ್ಮಾ. ನುಣ್ಣಗಿರ್ಲಿ."

ಸೆವುರು ಎಂದರೆ ನಮ್ಮ ಕಡೆ ಗೋಡೆ. ಅಕ್ಕನ ಬಾಯಿಗೆ ಎದುರು ನಿಂತು ಗೆದ್ದವರು ನಮ್ಮ ವಂಶದಲ್ಲೇ ಇಲ್ಲ. ಬಾಕ್ಸಿಗೆ ಮುಚ್ಚಳ ಹಾಕಿ ಮೇಲೆ ಸಿಮೆಂಟು ಬಳಿಸಿಬಿಟ್ಟೆ. ಹೊಸ ಮನೆ ಹೊಕ್ಕ ದಿನ ಹಿರಿಯ ಹೆಂಗಸು ದೇವರ ಗೋಡೆಗೆ ಅರಿಶಿನದ ಕೈ ಒತ್ತುವುದು ನಮ್ಮ ಮನೆತನದ ಪದ್ಧತಿ. ಅಷ್ಟು ದೊಡ್ಡ ಗೋಡೆ ಬಿಟ್ಟು ಅವ್ವ ಸರಿಯಾಗಿ ಆ ಬಾಕ್ಸಿನ ಮೇಲೇ ಒತ್ತಬೇಕೆ! ಆಮೇಲೆ ಪ್ರತಿ ಪೊಂಗಲ್‌ಗೂ ಆ ಕೈಯೊಂದನ್ನು ಬಿಟ್ಟು ಸುತ್ತ ಸುಣ್ಣ ಹೊಡೆಯುತ್ತಾ ಬಂದರು.

ಮೊನ್ನೆ ಅಕ್ಕ ಫೋನ್ ಮಾಡಿದಳು. ದೇವರ ಕೋಣೆಯ ಬಲ್ಬು ಮಿಣುಕುತ್ತಿದೆ, ಸುಟ್ಟ ವಾಸನೆ ಬೇರೆ. ಹೋಗಿ ಮೈನ್ ಸ್ವಿಚ್ ಆಫ್ ಮಾಡಿ ನೋಡಿದೆ. ಬೇರೆಲ್ಲ ಸರಿಯಿತ್ತು, ಅವ್ವನ ಅಂಗೈ ಇದ್ದ ಕಡೆ ಗೋಡೆ ಬೆಚ್ಚಗಿತ್ತು.

"ಇಲ್ಲೇ ಒಡೀಬೇಕು ಅಕ್ಕಾ."

"ಅವ್ವ ಈಗಷ್ಟೇ ಆಸ್ಪತ್ರೆಯಿಂದ ಎದ್ದು ಬಂದವ್ಳೆ. ಅವ್ಳ ಕೈ ಒಡೆದು ಅವ್ಳಿಗೇನಾರ ಆದ್ರೆ? ನಾ ಒಡೆಯಾಕ ಬಿಡಾಕಿಲ್ಲ!"

"ಬೆಂಕಿ ಹತ್ತಿದರೆ ಕೈಯೂ ಇರಲ್ಲ, ಮನೆಯೂ ಇರಲ್ಲ" ಎಂದು ರೇಗಿದೆ. ರೇಗಿದೆನೇ ಹೊರತು ಉಳಿ ಹಿಡಿದ ನನ್ನ ಕೈಯೂ ಮೇಲೇಳಲಿಲ್ಲ. ಸುಳ್ಳೇಕೆ, ನನಗೂ ಹೆದರಿಕೆಯಾಗಿತ್ತು.

ಜಗಲಿಯ ಮೇಲೆ ನುಗ್ಗೆಸೊಪ್ಪು ಬಿಡಿಸುತ್ತಿದ್ದ ಅವ್ವ ನಮ್ಮ ಗಲಾಟೆ ಕೇಳಿ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಸಂಗತಿ ತಿಳಿದು ಬೊಚ್ಚು ಬಾಯಿ ತೆರೆದು ನಕ್ಕಳು.

"ಥೂ, ಹುಚ್ಚು ಮುಂಡೇವಾ! ನನ್ ಕೈ ಇಲ್ಲೈತೆ" ಎಂದು ಸೊಪ್ಪು ಅಂಟಿದ ಕೈ ಎತ್ತಿ ತೋರಿಸಿದಳು. "ಸೆವುರ್ನಾಗಿರೋದು ಬರೀ ಅರಿಶ್ನ. ಒಡಿ ಪಾ."

ಒಡೆದೆ. ಒಳಗೆ ಒಂದು ಜೋಡಣೆ ಸಡಿಲಾಗಿ ಕರ್ರಗೆ ಸುಟ್ಟಿತ್ತು. ನಾನೇ ಹಾಕಿದ್ದು. ನಾಚಿಕೆಯಾಯಿತು. ಹೊಸ ವಯರು, ಹೊಸ ಬಾಕ್ಸ್ ಹಾಕಿ, ಗೋಡೆಗೆ ಸಮನಾಗಿ ಅಂಗೈಗಿಂತ ತುಸು ದೊಡ್ಡ ಬಿಳಿ ಮುಚ್ಚಳ ಕೂರಿಸಿದೆ. ಈ ಸಲ ಸ್ಕ್ರೂ ಎತ್ತಿಕೊಟ್ಟವಳು ಅಕ್ಕನೇ.

"ಅರಿಶ್ನ ಕಲ್ಸು" ಎಂದಳು ಅವ್ವ. ಅವಳ ಕೈಗೆ ಬಲ ಸಾಲದೆಂದು ನಾನು ಮಣಿಕಟ್ಟು ಹಿಡಿದುಕೊಂಡೆ, ಅವಳು ಮುಚ್ಚಳದ ಮೇಲೆ ಅರಿಶಿನದ ಕೈ ಒತ್ತಿದಳು. ಹಿಂದಿನ ಕೈ ದ್ರಾಕ್ಷಿ ತೋಟದಲ್ಲಿ ದುಡಿದ ಅಗಲವಾದ ಕೈ. ಈಗಿನದು ಬೆರಳುಗಳ ಸಮೇತ ಆ ಮುಚ್ಚಳದೊಳಗೇ ಹಿಡಿಸಿತು.

"ಇದ್ಕೆ ಎಷ್ಟು ಸ್ಕ್ರೂ?"

"ಎರಡು ಅವ್ವಾ."

"ಹಂಗಾದ್ರೆ ನಾ ಹೋದ ಮ್ಯಾಲೂ ಒಡೆಯೋ ಕೆಲ್ಸ ಇಲ್ಲ. ಬಿಚ್ಚಿ, ಕೆಲ್ಸ ಮುಗ್ಸಿ, ತಿರುಗಿ ಹಾಕ್ಕೊಳಿ."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಹೋಗಿ ಮೈನ್ ಹಾಕಿದೆ.